ಬರೆದುದನ್ನು ಯಾರ ಅಂಗಳದಲ್ಲಿಡಬೇಕು?

ಮನೆಯಲ್ಲಿ ಯಾರಾದರೊಬ್ಬರು ಬರೆಯತೊಡಗಿದರೆಂದರೆ ಅದು ಬಹುಕಾಲ ಗುಟ್ಟಾಗಿ ಉಳಿಯುವದಿಲ್ಲ. ದೀಪವಾರಿಸುವ ಹೊತ್ತು ಮುಂದೆ ಸರಿಯುವದು. ಹಾಲಿನ ಲೆಕ್ಕದ ವಹಿಯಲ್ಲಿ ಹಿಂದಿನ ಹಾಳೆಗಳು ತುಂಬುವವು. ಸದಾ ಮೊಬೈಲು ಹಿಡಿದು ಕುಳಿತ ಮಗನನ್ನು ತಂದೆಯು ಗದರಿದರೆ, ಆತನು ಆಟವಾಡುತ್ತಿರಲಿಲ್ಲ, ಪದ್ಯ ಕಟ್ಟುತ್ತಿದ್ದನೆಂಬದು ಹೊರಬೀಳುವದು. ಬರೆದಾದ ಮೇಲೆ ಹುಟ್ಟುವ ಮೊದಲನೆಯ ಪ್ರಶ್ನೆ ಒಂದೇ: ಇದನ್ನು ಎಲ್ಲಿ ಪ್ರಕಟಿಸಬೇಕು? ಈಚೆಗೆ ನಮ್ಮ ಕೈಸೇರಿದ ಕಾಗದಗಳಲ್ಲಿ ಮೂರು ಈ ಪ್ರಶ್ನೆಯನ್ನೇ ಹೊತ್ತು ಬಂದಿವೆ. ಮೂವರೂ ನಮ್ಮ ಸೀಮೆಯವರು, ಮೂವರೂ ಹೊಸಬರು. ಆದರೆ ಮೂವರ ಕಷ್ಟವೂ ಬೇರೆ ಬೇರೆ. ಆದುದರಿಂದ ಈ ತಿಂಗಳ ಪುಟಗಳನ್ನು ಅವರಿಗೂ ಅವರಂಥ ಇತರರಿಗೂ ಮೀಸಲಿಡುತ್ತೇವೆ.

ಮೊದಲನೆಯ ಕಾಗದ ಬನಹಟ್ಟಿಯ ಒಬ್ಬ ಗೃಹಿಣಿಯದು. ಮನೆಯಲ್ಲಿ ಎರಡು ಮಗ್ಗಗಳು. ಮಗ್ಗದ ಸದ್ದು ನಿಂತು ಮಕ್ಕಳು ಮಲಗಿದ ಮೇಲೆ ಈಕೆ ಕಥೆ ಬರೆಯುತ್ತಾರೆ. ಒಂದು ಕಥೆಯನ್ನು ಓಣಿಯ ಹೆಣ್ಣುಮಕ್ಕಳ ವಾಟ್ಸಾಪ್ ಗುಂಪಿನಲ್ಲಿ ಹಾಕಿದರು. ಎರಡು ತಿಂಗಳ ತರುವಾಯ ಅದೇ ಕಥೆಯು ಸೋಲಾಪುರದಲ್ಲಿರುವ ನಾದಿನಿಯಿಂದ ಅವರಿಗೇ ತಿರುಗಿ ಬಂದಿತು. ಕೆಳಗೆ ಯಾರದೋ ಬೇರೆ ಹೆಸರು. ‘ಎಷ್ಟ ಚಂದ ಬರದಾರ ನೋಡ್ರಿ ವೈನಿ’ ಎಂದು ನಾದಿನಿಯು ಮೇಲೆ ಒಂದು ಸಾಲು ಸೇರಿಸಿದ್ದಳು. ‘ಅದು ನಂದೇ ಅಂತ ಹೇಳಾಕ ಬಾಯಿ ಬರಲಿಲ್ರಿ’ ಎಂದು ಈ ತಾಯಿ ನಮಗೆ ಬರೆದಿದ್ದಾರೆ. ತಮ್ಮ ಹೆಸರು, ಭಾವಚಿತ್ರ ಹತ್ತು ಮಂದಿಯ ಕಣ್ಣಿಗೆ ಬೀಳುವದು ಅತ್ತೆಯವರಿಗೆ ಸೇರದೆಂಬದನ್ನೂ ತಿಳಿಸಿದ್ದಾರೆ.

ಎರಡನೆಯವರು ಬೀಳಗಿ ತಾಲೂಕಿನ ಹಿರಿಯ ಒಕ್ಕಲಿಗರು. ಇವರ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ. ಈಗ ಪುನರ್ವಸತಿ ಕೇಂದ್ರದಲ್ಲಿ ಮನೆ. ಯಾರ ಮನೆಗೆ ಯಾರ ಮನೆ ಹೊಂದಿಕೊಂಡಿತ್ತು, ಅಗಸಿಯ ಕಟ್ಟೆಯ ಮೇಲೆ ಯಾರು ಕೂಡುತ್ತಿದ್ದರು, ಸಿಹಿನೀರಿನ ಬಾವಿ ಯಾವದು, ಜಾತ್ರೆಯ ತೇರು ಯಾವ ದಾರಿಯಿಂದ ಹೋಗುತ್ತಿತ್ತು ಎಂಬಿವನ್ನೆಲ್ಲ ಎರಡು ದಪ್ಪ ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. ಮಗನು ‘ಫೇಸ್‌ಬುಕ್ಕಿನಲ್ಲಿ ಹಾಕೋಣ’ ಎನ್ನುತ್ತಾನೆ, ಮೊಮ್ಮಗನು ‘ವಿಡಿಯೋ ಮಾಡೋಣ’ ಎನ್ನುತ್ತಾನೆ. ‘ನಾನು ಹೋದಮೇಲೂ ಇದು ಇರಬೇಕು. ಎಲ್ಲಿ ಇಟ್ಟರೆ ಇರುತ್ತದೆ?’ ಎಂಬದು ಇವರ ಪ್ರಶ್ನೆ.

ಮೂರನೆಯವನು ಜಮಖಂಡಿಯ ಕಾಲೇಜಿನ ತರುಣ. ಕವಿತೆಗಳನ್ನು ಫೇಸ್‌ಬುಕ್ಕಿಗೆ ಹಾಕುತ್ತಾನೆ. ಮೊದಲನೆಯದಕ್ಕೆ ನೂರಕ್ಕೂ ಹೆಚ್ಚು ಮಂದಿ ಹೆಬ್ಬೆಟ್ಟು ಒತ್ತಿದರು, ಐದನೆಯದಕ್ಕೆ ಒಂಬತ್ತು ಮಂದಿ. ಅಂದಿನಿಂದ ಆತನ ಕೈ ಬರೆಯಲೊಲ್ಲದು. ಈ ನಡುವೆ ಯಾರೋ ಒಬ್ಬರು, ‘೧,೫೦೦ ರೂಪಾಯಿ ಕೊಟ್ಟರೆ ನಿನ್ನ ಕವಿತೆಯನ್ನು ಸಂಕಲನದಲ್ಲಿ ಸೇರಿಸಿ ಪ್ರಶಸ್ತಿಪತ್ರವನ್ನೂ ಕೊಡುತ್ತೇವೆ’ ಎಂದು ಬರೆದಿದ್ದಾರೆ. ಕೊಡಲೇ ಬೇಡವೇ ಎಂದು ಕೇಳಿದ್ದಾನೆ.

ಬರೆದುದನ್ನು ಯಾರ ಮುಂದಿಡಬೇಕೆಂಬ ಪ್ರಶ್ನೆಯು ನಮ್ಮ ಸೀಮೆಗೆ ಹೊಸತಲ್ಲ. ಸಾವಿರ ವರ್ಷಗಳ ಹಿಂದೆ ಮುದುವೊಳಲಿನಲ್ಲಿ, ಅಂದರೆ ಈಗಿನ ಮುಧೋಳದಲ್ಲಿ, ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ವಿದ್ಯೆಗಾಗಿ ದೂರದ ಗಂಗವಾಡಿಗೆ ನಡೆದನು. ಅಲ್ಲಿ ಅಜಿತಸೇನಾಚಾರ್ಯರು ಗುರುಗಳಾದರು, ಚಾವುಂಡರಾಯನ ಆಶ್ರಯವು ದೊರೆಯಿತು. ಮುಂದೆ ಅತ್ತಿಮಬ್ಬೆಯ ಪ್ರೇರಣೆಯಿಂದ ೯೯೩ರಲ್ಲಿ ಅಜಿತಪುರಾಣವನ್ನು ರಚಿಸಿದನು. ಚಾಲುಕ್ಯರ ಆಸ್ಥಾನದಲ್ಲಿ ಸತ್ಯಾಶ್ರಯನನ್ನು ಕಥಾನಾಯಕನಾದ ಭೀಮನೊಡನೆ ಸಮೀಕರಿಸಿ ಗದಾಯುದ್ಧವನ್ನು ರಚಿಸಿದನು. ಇದರಲ್ಲಿ ಹೊಸ ಲೇಖಕರು ಗಮನಿಸತಕ್ಕವು ಎರಡು. ತಿದ್ದಬಲ್ಲ ಗುರುವು ಮೊದಲು ದೊರೆತನು, ಕೇಳುವ ಸಭೆಯು ಅನಂತರ ದೊರೆಯಿತು. ಮತ್ತು ತೀರ್ಥಂಕರನ ಕಥೆಯು ಧರ್ಮಿಷ್ಠೆಯಾದ ಅತ್ತಿಮಬ್ಬೆಯ ಬಳಿಗೂ ವೀರರ ಕಥೆಯು ಅರಸನ ಓಲಗಕ್ಕೂ ಹೋಯಿತು. ಒಬ್ಬನೇ ಕವಿ, ಆದರೆ ಕೃತಿಗೆ ತಕ್ಕಂತೆ ಸ್ಥಳವು ಬೇರೆಯಾಯಿತು.

ಮುದ್ರಣದ ಕಾಲದಲ್ಲಿ ಕಷ್ಟವು ಮತ್ತೊಂದು ಬಗೆಯದಾಗಿತ್ತು. ಅಚ್ಚಿನ ಮನೆಗಳು ಕೆಲವೇ ಊರುಗಳಲ್ಲಿದ್ದವು. ಮೊಳೆ, ಕಾಗದ, ಅಂಚೆ ಎಲ್ಲಕ್ಕೂ ಹಣ ಬೇಕು. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ವಚನಗಳ ತಾಳೆಯೋಲೆಗಳನ್ನು ಮನೆಮನೆಯಿಂದ ಕೂಡಿಸಿ, ವಚನಶಾಸ್ತ್ರಸಾರದ ಮೊದಲ ಭಾಗವನ್ನು ೧೯೨೩ರಲ್ಲಿ ಹೊರತಂದರು. ಬೇರೆಯವರ ಅಚ್ಚುಕೂಟವನ್ನೇ ನೆಚ್ಚಿದರೆ ಕೆಲಸವು ಸಾಗದೆಂದು ಕಂಡು, ಇದ್ದ ಮನೆಯನ್ನು ಮಾರಿ, ೧೯೨೫ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ತೆಗೆದರು. ಸ್ವಂತ ಸ್ಥಳಕ್ಕೆ ಅಂದು ಇಷ್ಟು ಬೆಲೆಯನ್ನು ತೆರಬೇಕಾಯಿತು. ಇಂದು ಕೈಯಲ್ಲಿರುವ ಮೊಬೈಲಿನಿಂದ, ಅರ್ಧ ತಾಸಿನಲ್ಲಿ, ಕಾಸು ಬಿಚ್ಚದೆ ಬರೆದುದನ್ನು ಲೋಕದ ಮುಂದೆ ಇಡಬಹುದು. ಸ್ಥಳಗಳು ಹೆಚ್ಚಾದುದರಿಂದ ಹೊಸಬರಿಗೆ ದಿಕ್ಕು ತೋಚದಾಗಿದೆ.

ಹೀಗಿರುವಲ್ಲಿ ‘ಎಲ್ಲಿ ಹೆಚ್ಚು ಮಂದಿ ನೋಡುತ್ತಾರೆ?’ ಎಂದು ಕೇಳುವ ಮೊದಲು ಮೂರು ಮಾತುಗಳನ್ನು ತಮ್ಮಲ್ಲೇ ಕೇಳಿಕೊಳ್ಳಬೇಕೆಂದು ನಮ್ಮ ಸೂಚನೆ. ಈ ಬರಹವನ್ನು ಓದಬೇಕಾದವರು ಯಾರು? ಓದಿದವರು ಸರಿತಪ್ಪುಗಳನ್ನು ತಿಳಿಸುವರೇ? ಆ ಸ್ಥಳವು ನಾಳೆ ಮುಚ್ಚಿದರೆ ನಮ್ಮ ಕೈಯಲ್ಲಿ ಏನು ಉಳಿಯುವದು? ಕಾಳಿದಾಸನಂಥವನೂ ಶಾಕುಂತಲದ ಪ್ರಸ್ತಾವನೆಯಲ್ಲಿ ಬಲ್ಲವರ ಮೆಚ್ಚಿಕೆಯನ್ನೇ ಒರೆಗಲ್ಲಾಗಿ ಇಟ್ಟನು. ಸಭೆಯಲ್ಲಿ ಎಷ್ಟು ತಲೆಗಳಿವೆಯೆಂದು ಎಣಿಸಲಿಲ್ಲ. ನಮ್ಮ ಅಲಂಕಾರಶಾಸ್ತ್ರವು ಇಂಥ ಓದುಗನನ್ನು ಸಹೃದಯನೆಂದು ಕರೆದಿದೆ. ಹೊಸ ಲೇಖಕರಿಗೆ ನಾಲ್ವರು ಸಹೃದಯರು ದೊರೆತರೆ ನಾಲ್ಕು ನೂರು ಹೆಬ್ಬೆಟ್ಟುಗಳಿಗಿಂತ ಹೆಚ್ಚಿನ ಲಾಭವುಂಟು. ಈ ಮೂರು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ಈಗ ಒಂದೊಂದೇ ಸ್ಥಳವನ್ನು ನೋಡಿಬರೋಣ.

ವಾಟ್ಸಾಪ್ ಗುಂಪು ಬಾವಿಕಟ್ಟೆಯಿದ್ದಂತೆ. ಅಲ್ಲಿ ಪರಿಚಿತರೇ ಇರುತ್ತಾರೆ, ಮಾತು ತಟ್ಟನೆ ಮುಟ್ಟುವದು. ಆದರೆ ಬಾವಿಕಟ್ಟೆಯಲ್ಲಿ ಆಡಿದ ಮಾತು ಯಾರದೆಂದು ಎರಡನೆಯ ಓಣಿಗೆ ತಲುಪುವಷ್ಟರಲ್ಲಿ ಮರೆತುಹೋಗಿರುತ್ತದೆ. ಬರಹವನ್ನು ನಕಲು ಮಾಡುವಾಗ ಕೆಳಗಿನ ಒಂದು ಸಾಲನ್ನು ಬಿಟ್ಟರೆ ಲೇಖಕರ ಹೆಸರು ಹೋಯಿತು. ಹೀಗಾಗಿ ಹಬ್ಬದ ಹಾರೈಕೆ, ಚುಟುಕು, ಅಡಿಗೆಯ ವಿಧಾನ ಇವಕ್ಕೆ ಅದು ತಕ್ಕದ್ದು. ತಿಂಗಳುಗಟ್ಟಲೆ ಶ್ರಮಿಸಿ ಬರೆದ ಕಥೆಯ ಮೊದಲ ಪ್ರಕಟಣೆಗೆ ತಕ್ಕದ್ದಲ್ಲ.

ಫೇಸ್‌ಬುಕ್ಕು ವಾರದ ಸಂತೆ. ಯಾರ ಬರಹವು ಯಾರ ಕಣ್ಣಿಗೆ ಮೊದಲು ಬೀಳಬೇಕೆಂಬದನ್ನು ಅಲ್ಲಿ ಯಂತ್ರದ ಲೆಕ್ಕಾಚಾರವು ನಿರ್ಣಯಿಸುತ್ತದೆ. ಕವಿತೆಯ ಗುಣವನ್ನು ಅದು ಬಲ್ಲದಲ್ಲ. ಮೊದಲ ಕವಿತೆಗೆ ಗೆಳೆಯರು, ಬಳಗದವರು ಹುರುಪಿನಿಂದ ಒತ್ತುವರು. ಐದನೆಯದು ಹಲವರ ಕಣ್ಣಿಗೇ ಬಿದ್ದಿರುವದಿಲ್ಲ. ಒಂಬತ್ತು ಎಂಬ ಅಂಕವು ಐದನೆಯ ಕವಿತೆ ಕೆಟ್ಟದೆಂದು ಹೇಳಿಲ್ಲ, ನೂರು ಎಂಬ ಅಂಕವು ಮೊದಲನೆಯದು ಒಳ್ಳೆಯದೆಂದು ಹೇಳಿರಲಿಲ್ಲ. ಜಮಖಂಡಿಯ ತರುಣನು ಇದನ್ನು ಮನಸ್ಸಿಗೆ ತಂದುಕೊಂಡರೆ ಆತನ ಕೈ ಮತ್ತೆ ಬರೆಯುವದೆಂದು ನಂಬುತ್ತೇವೆ.

ಕಥೆ, ಕಾದಂಬರಿಗಳಿಗಾಗಿಯೇ ಇರುವ ಓದಿನ ತಾಣಗಳು ಮೂರನೆಯ ಬಗೆ. ೨೦೧೪ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರತಿಲಿಪಿಯು ಇದಕ್ಕೆ ಉದಾಹರಣೆ. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ಲೇಖಕರು ಅಲ್ಲಿ ನೇರವಾಗಿ ಪ್ರಕಟಿಸಬಹುದು. ಓದುಗರು ಅಭಿಪ್ರಾಯ ಬರೆಯುವರು, ಲೇಖಕರನ್ನು ಹಿಂಬಾಲಿಸುವರು. ಓದಲೆಂದೇ ಬಂದವರು ಅಲ್ಲಿರುವದರಿಂದ ಕಥೆಗಾರರಿಗೆ ಇದು ಸಂತೆಗಿಂತ ಲೇಸು. ಆದರೆ ಒಂದು ಎಚ್ಚರಿಕೆ ಬೇಕು. ಧಾರಾವಾಹಿಗೆ ಅಲ್ಲಿ ಮನ್ನಣೆ ಹೆಚ್ಚು. ‘ಮುಂದಿನ ಭಾಗ ಯಾವಾಗ?’ ಎಂಬ ಕರೆಗೆ ಸೋತು, ಹತ್ತು ಪುಟಕ್ಕೆ ಮುಗಿಯತಕ್ಕ ಕಥೆಯನ್ನು ಅರವತ್ತು ಕಂತಿಗೆ ಎಳೆದರೆ, ಹಾಸು ಗಟ್ಟಿಯಿದ್ದರೂ ಹೊಕ್ಕು ಸಡಿಲವಾದ ಸೀರೆಯಂತೆ ಕಥೆಯು ಜಾಳಾಗುವದು. ಬನಹಟ್ಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕನೆಯದು ಸ್ವಂತ ಮನೆ. ಬ್ಲಾಗರ್, ವರ್ಡ್‌ಪ್ರೆಸ್ ಮೊದಲಾದವುಗಳ ನೆರವಿನಿಂದ ತನ್ನದೇ ಪುಟವನ್ನು ಬೆಲೆಯಿಲ್ಲದೆ ತೆರೆಯಬಹುದು. ಸ್ವಂತ ಹೆಸರಿನ ವಿಳಾಸವೇ ಬೇಕೆಂದರೆ ವರ್ಷವರ್ಷ ಇಷ್ಟೆಂದು ಹಣ ಕಟ್ಟಬೇಕು. ಬರಹಗಳು ತಿಥಿವಾರು ಒಂದೆಡೆ ಉಳಿಯುವವು, ಹುಡುಕಿದವರಿಗೆ ಸಿಕ್ಕುವವು. ಇದರ ಕೊರತೆಯೆಂದರೆ, ಹೊಸ ಬಡಾವಣೆಯಲ್ಲಿ ಕಟ್ಟಿದ ಮನೆಗೆ ಮೊದಮೊದಲು ಯಾರೂ ಬರುವದಿಲ್ಲ, ನಾವೇ ಕರೆಯಬೇಕು. ಆ ತಾಳ್ಮೆಯಿದ್ದವರಿಗೆ ಇದು ಉತ್ತಮ.

ಐದನೆಯದು ಊರೊಟ್ಟಿನ ಕಣಜ. ಕನ್ನಡ ವಿಕಿಪೀಡಿಯವು ೨೦೦೩ರಲ್ಲಿ ಆರಂಭವಾಯಿತು. ಅಲ್ಲಿ ಕಥೆ, ಕವಿತೆ, ಸ್ವಂತ ನೆನಪುಗಳಿಗೆ ಸ್ಥಳವಿಲ್ಲ. ಅಚ್ಚಾದ ಆಧಾರವಿರುವ ಸಂಗತಿಗಳಿಗೆ ಮಾತ್ರ ಸ್ಥಳವುಂಟು. ಬರೆದುದನ್ನು ಯಾರೂ ತಿದ್ದಬಹುದು, ಬೇರೆಡೆ ಬಳಸಬಹುದು. ‘ನನ್ನದು’ ಎಂಬ ಮಮಕಾರವನ್ನು ಹೊಸ್ತಿಲ ಹೊರಗೆ ಬಿಟ್ಟು ಹೋಗಬೇಕಾದ ಸ್ಥಳವಿದು. ಆದರೆ ಗದ್ಯವನ್ನು ಅಳತೆಯಲ್ಲಿ ಬರೆಯಲು, ಹೇಳಿದ ಮಾತಿಗೆ ಆಧಾರ ಕೊಡಲು ಕಲಿಯಬೇಕೆನ್ನುವ ತರುಣರಿಗೆ ಇದಕ್ಕಿಂತ ಒಳ್ಳೆಯ ಗರಡಿಮನೆ ನಮಗೆ ತಿಳಿದಿಲ್ಲ. ಜಮಖಂಡಿಯ ತರುಣನು ಕವಿತೆಯ ನಡುವಣ ಬಿಡುವಿನಲ್ಲಿ ತನ್ನ ತಾಲೂಕಿನ ಒಂದು ಗುಡಿಯನ್ನೋ ಒಂದು ಕೆರೆಯನ್ನೋ ಕುರಿತು, ಗ್ರಂಥಾಲಯದಲ್ಲಿ ಕುಳಿತು ಆಧಾರಗಳನ್ನು ನೋಡಿ, ಒಂದು ಲೇಖನವನ್ನು ಅಲ್ಲಿ ಬರೆದು ನೋಡಲಿ.

ಕೊನೆಯದು ಸಂಪಾದಕರಿರುವ ಪತ್ರಿಕೆ; ಅದು ಕಾಗದದ ಮೇಲಿರಲಿ, ಅಂತರ್ಜಾಲದಲ್ಲಿರಲಿ. ಇಲ್ಲಿ ನಮ್ಮ ಬರಹವನ್ನು ಮೊದಲು ಒಬ್ಬರು ಓದಿ, ಬೇಕು ಬೇಡವೆಂದು ನಿರ್ಣಯಿಸುತ್ತಾರೆ. ತಿರಸ್ಕಾರಕ್ಕೆ ಅಂಜಿ ಹೊಸಬರು ಇತ್ತ ಸುಳಿಯರು. ಆದರೆ ಬೀಳಗಿಯಲ್ಲಿ ಹುಟ್ಟಿ ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರು ಕಾದಂಬರಿಗಳಿಂದ ನಾಡಿನ ಮನೆಮನೆಗೆ ಪರಿಚಿತರಾದುದು ಪ್ರಕಾಶಕರ, ಸಂಪಾದಕರ ಕಾಲದಲ್ಲಿಯೇ ಅಲ್ಲವೇ? ತಮ್ಮ ಸೀಮೆಯ ಶಹನಾಯಿ ವಾದಕನನ್ನು ಕುರಿತು ಅವರು ಬರೆದ ‘ಸನಾದಿ ಅಪ್ಪಣ್ಣ’ ೧೯೭೭ರಲ್ಲಿ ಚಲನಚಿತ್ರವೂ ಆಯಿತು. ಇಲ್ಲಿ ಹೊಸಬರು ಅರಿಯಲೇಬೇಕಾದ ಒಂದು ನಿಯಮವುಂಟು. ಪತ್ರಿಕೆಗಳೂ ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳೂ ಸಾಮಾನ್ಯವಾಗಿ ಎಲ್ಲಿಯೂ ಪ್ರಕಟವಾಗದ ಬರಹವನ್ನೇ ಕೇಳುವವು. ಫೇಸ್‌ಬುಕ್ಕು, ಬ್ಲಾಗು, ಓದಿನ ತಾಣ ಎಲ್ಲಿ ಹಾಕಿದರೂ ಅದು ಪ್ರಕಟವಾದಂತೆಯೇ ಎಂದು ಅವರು ಎಣಿಸುವರು. ಆದುದರಿಂದ ಅತ್ಯುತ್ತಮವೆಂದು ತೋರಿದ ಬರಹವನ್ನು ಮೊದಲು ಪತ್ರಿಕೆಗೆ ಕಳುಹಿಸಿರಿ. ಒಂದೇ ಬರಹವನ್ನು ಏಕಕಾಲಕ್ಕೆ ಎರಡು ಕಡೆಗೆ ಕಳುಹಬೇಡಿರಿ. ಅಲ್ಲಿಂದ ಬೇಡವೆಂದು ಉತ್ತರ ಬಂದರೆ ಅಂತರ್ಜಾಲದ ಬಾಗಿಲು ತೆರೆದೇ ಇರುವದು. ಅಂತರ್ಜಾಲದಲ್ಲಿ ಹಾಕಿದುದಕ್ಕೆ ಮಾತ್ರ ಸ್ಪರ್ಧೆಯ ಬಾಗಿಲು ತಿರುಗಿ ತೆರೆಯುವದು ಕಷ್ಟ.

ಸ್ಥಳ ಯಾವದೇ ಇರಲಿ, ಮೂಲಪ್ರತಿಯು ಮನೆಯಲ್ಲಿರಬೇಕು. ಲಕ್ಷಾಂತರ ಜನರು ತಮ್ಮ ಪುಟಗಳನ್ನು ಕಟ್ಟಿದ್ದ ಜಿಯೋಸಿಟೀಸ್ ಎಂಬ ಅಮೇರಿಕದ ತಾಣವು ೨೦೦೯ರಲ್ಲಿ ಮುಚ್ಚಿತು. ಜಪಾನಿನ ಶಾಖೆಯು ಮಾತ್ರ ಇನ್ನು ಹತ್ತು ವರ್ಷ ನಡೆಯಿತು. ನಮ್ಮ ತರುಣರು ಒಂದು ಕಾಲಕ್ಕೆ ಹಗಲಿರುಳು ಕಳೆಯುತ್ತಿದ್ದ ಆರ್ಕುಟ್ ೨೦೧೪ರ ಸೆಪ್ಟೆಂಬರ ಕೊನೆಗೆ ನಿಂತಿತು. ಗೂಗಲ್ ಪ್ಲಸ್ ೨೦೧೯ರಲ್ಲಿ ಸಾಮಾನ್ಯ ಜನರಿಗೆ ಇಲ್ಲವಾಯಿತು. ಇವುಗಳ ಹಿಂದಿದ್ದವು ಸಣ್ಣ ಅಂಗಡಿಗಳಲ್ಲ, ಜಗತ್ತಿನ ದೊಡ್ಡ ಕಂಪನಿಗಳು. ಬಾಡಿಗೆಯ ಮನೆಯಲ್ಲಿ ಸಾಮಾನು ಇಟ್ಟವರು ಮಾಲಕನ ಮನಸ್ಸು ಬದಲಾಗುವದನ್ನೂ ಎಣಿಸಬೇಕಷ್ಟೆ.

ಹಿಂದಿನವರು ಇದನ್ನು ಚೆನ್ನಾಗಿ ಬಲ್ಲವರು. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಗರಿಯ ಮೇಲೆ ಬರೆಯಿಸಿ ಹಂಚಿದಳು. ಶಾಂತಿಪುರಾಣವು ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನನ ಭುವನೈಕರಾಮಾಭ್ಯುದಯವು ಹೆಸರಾಗಿ ಮಾತ್ರ ಉಳಿದಿದೆ. ರನ್ನನ ಪರಶುರಾಮಚರಿತವೂ ನಮಗೆ ಸಿಕ್ಕಿಲ್ಲ. ಒಂದೇ ಪ್ರತಿಯನ್ನು ಒಂದೇ ಸ್ಥಳದಲ್ಲಿಟ್ಟ ಬರಹವು ಒಂದೇ ಗೆದ್ದಲಿಗೆ, ಒಂದೇ ಮಳೆಗೆ ತುತ್ತಾಗುವದು. ಈಗಿನ ಗೆದ್ದಲೆಂದರೆ ಕೆಟ್ಟುಹೋದ ಮೊಬೈಲು ಮತ್ತು ಮರೆತುಹೋದ ಪಾಸ್‌ವರ್ಡು. ಪ್ರತಿಯೊಂದು ಬರಹದ ಒಂದು ಪ್ರತಿ ಗಣಕದಲ್ಲಿಯೋ ಪೆನ್‌ಡ್ರೈವಿನಲ್ಲಿಯೋ ಇರಲಿ, ಒಂದು ನಂಬಿಕೆಯ ನಂಟರಲ್ಲಿರಲಿ, ಒಂದು ಕಾಗದದ ಮೇಲಿರಲಿ. ಬರೆಯುವಾಗ ಅಕ್ಷರಗಳು ಯೂನಿಕೋಡಿನಲ್ಲಿವೆಯೇ ಎಂದು ನೋಡಿಕೊಳ್ಳಿರಿ. ಹಳೆಯ ಬಗೆಯ ಲಿಪಿಗಳಲ್ಲಿ ಟೈಪು ಮಾಡಿದ ಎಷ್ಟೋ ಕನ್ನಡ ಬರಹಗಳು, ಆ ಲಿಪಿಯಿಲ್ಲದ ಯಂತ್ರದಲ್ಲಿ ತೆರೆದೊಡನೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಿಸುತ್ತವೆ.

ಕಾನೂನಿನ ಮಾತನ್ನೂ ನಾಲ್ಕು ಸಾಲಿನಲ್ಲಿ ಹೇಳಿಬಿಡುವೆವು. ೧೯೫೭ರ ಕೃತಿಸ್ವಾಮ್ಯ ಕಾಯಿದೆಯಂತೆ, ಸ್ವತಂತ್ರವಾಗಿ ಬರೆದುದರ ಹಕ್ಕು ಬರೆದ ಕ್ಷಣದಿಂದಲೇ ಲೇಖಕರದು, ನೋಂದಣಿಯು ಕಡ್ಡಾಯವಲ್ಲ. ಅದು ಲೇಖಕರ ಜೀವಮಾನವಿಡೀ ಇದ್ದು, ಆಮೇಲೆ ೬೦ ವರ್ಷ ವಾರಸುದಾರರಿಗೆ ಸಲ್ಲುತ್ತದೆ. ಕೃತಿಯು ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು ೫೭ನೆಯ ಕಲಮು ಬೇರೆಯಾಗಿ ಕೊಟ್ಟಿದೆ. ಹಕ್ಕನ್ನು ಮಾರಿದರೂ ಆ ಅಧಿಕಾರವು ಹೋಗದು. ಹಕ್ಕಿನ ವರ್ಗಾವಣೆಗೆ ಬರವಣಿಗೆಯ ಒಪ್ಪಂದವೂ ಸಹಿಯೂ ಬೇಕು. ಎಷ್ಟು ಕಾಲಕ್ಕೆಂದು ಅದರಲ್ಲಿ ಬರೆದಿರದಿದ್ದರೆ ಐದು ವರ್ಷವೆಂದು ಎಣಿಸಲಾಗುವದು. ಯಾವದೇ ತಾಣವನ್ನು ಸೇರುವಾಗ ‘ಒಪ್ಪಿದೆ’ ಎಂದು ಒತ್ತುವ ಮೊದಲು, ಇದೇ ಬರಹವನ್ನು ಬೇರೆಡೆ ಪ್ರಕಟಿಸಲು ನನಗೆ ಸ್ವಾತಂತ್ರ್ಯವುಂಟೇ ಎಂಬ ಒಂದು ಸಂಗತಿಯನ್ನಾದರೂ ಓದಿ ನೋಡಿರಿ. ಇನ್ನು ಹಣ ಕೇಳುವ ಸಂಕಲನಗಳ ಮಾತು. ಕವಿತೆಯನ್ನು ಆರಿಸಿಕೊಂಡವರು ಕವಿಗೆ ಹಣ ಕೊಡಬಹುದು, ಕೊಡದಿರಬಹುದು. ಕವಿಯಿಂದ ಕೇಳಿದರೆ ಅಲ್ಲಿ ಆಯ್ಕೆಯಾದುದು ಕವಿತೆಯಲ್ಲ, ಕಿಸೆ. ತಮ್ಮಾ, ಆ ೧,೫೦೦ ರೂಪಾಯಿಗೆ ಒಳ್ಳೆಯ ಕವಿತಾಸಂಗ್ರಹಗಳನ್ನು ಕೊಂಡು ಓದು. ನಿನ್ನ ಕವಿತೆಗಳನ್ನು ಕಾಲೇಜಿನ ಕನ್ನಡದ ಗುರುಗಳಿಗೂ ಓದುವ ಚಟವುಳ್ಳ ಮೂವರು ಗೆಳೆಯರಿಗೂ ತೋರಿಸು. ‘ಚಂದ ಐತಿ’ ಎಂದು ಅವರು ಸುಮ್ಮನಾದರೆ, ಯಾವ ಸಾಲು ಚಂದ, ಯಾವದು ತೊಡಕು ಎಂದು ಬಿಡದೆ ಕೇಳು.

ಬೀಳಗಿಯ ಹಿರಿಯರಿಗೆ ನಮ್ಮ ಉತ್ತರ ಹೀಗಿದೆ. ತಮ್ಮ ಬರಹದ ಮೊದಲ ಓದುಗರು ಅದೇ ಊರಿನಿಂದ ಚದುರಿಹೋದ ಮನೆಗಳವರು. ಅವರು ಒಂದೆಡೆ ಕೂಡುವ ಸಣ್ಣ ಗುಂಪನ್ನು ಮಗನು ಫೇಸ್‌ಬುಕ್ಕಿನಲ್ಲಿಯೋ ವಾಟ್ಸಾಪಿನಲ್ಲಿಯೋ ಮಾಡಲಿ. ಒಂದೊಂದೇ ಓಣಿಯ ವೃತ್ತಾಂತವನ್ನು ಅಲ್ಲಿ ಓದಿಸಿರಿ. ‘ಆ ಬೇವಿನ ಗಿಡ ನಮ್ಮ ಮನಿ ಮುಂದಲ್ಲ, ಅವರ ಮನಿ ಮುಂದ ಇತ್ತು’ ಎಂದು ತಿದ್ದಬಲ್ಲವರು ಲೋಕದಲ್ಲಿ ಆ ಕೆಲವರೇ. ಅವರಿಗೂ ವಯಸ್ಸಾಗುತ್ತಿದೆ, ಆದುದರಿಂದ ತಡಮಾಡಬೇಡಿರಿ. ಹೀಗೆ ತಿದ್ದಿದ ಪಾಠವನ್ನು ಸ್ವಂತ ಪುಟದಲ್ಲಿ ಪ್ರಕಟಿಸಿರಿ. ಪ್ರತಿಯೊಂದು ಅಧ್ಯಾಯದ ತಲೆಯಲ್ಲಿ ಊರಿನ ಹೆಸರನ್ನು ಸರಕಾರಿ ದಾಖಲೆಯಲ್ಲಿದ್ದಂತೆ ಬರೆಯಿರಿ. ಮುಂದೆ ಹುಡುಕುವ ಮೊಮ್ಮಕ್ಕಳಿಗೆ ಅದೇ ದಾರಿ. ಬದುಕಿರುವವರ ಹೊಲದ ವ್ಯಾಜ್ಯ, ಪರಿಹಾರದ ಹಣ ಇವನ್ನು ಬಿಟ್ಟುಬಿಡಿರಿ. ಮೊಮ್ಮಗನು ನೋಟುಬುಕ್ಕಿನ ಪ್ರತಿ ಪುಟದ ಚಿತ್ರವನ್ನು ತೆಗೆದಿಡಲಿ, ತಮ್ಮ ಬಾಯಿಂದ ಜಾತ್ರೆಯ ವರ್ಣನೆಯನ್ನು ಧ್ವನಿಮುದ್ರಿಸಲಿ. ವಿಡಿಯೋದ ಆಸೆಯೂ ಅವನಿಗೆ ತೀರುವದು. ಕೊನೆಗೆ ಕೆಲವೇ ಪ್ರತಿಗಳನ್ನು ಕಾಗದದ ಮೇಲೆ ಮಾಡಿಸಿ, ಒಂದನ್ನು ಪಂಚಾಯತಿಯ ಗ್ರಂಥಾಲಯಕ್ಕೂ ಒಂದನ್ನು ಶಾಲೆಗೂ ಕೊಡಿರಿ. ಅತ್ತಿಮಬ್ಬೆಯಂತೆ ಸಾವಿರ ಬೇಡ, ಹತ್ತು ಮನೆಗಳಲ್ಲಿ ಹತ್ತು ಪ್ರತಿಗಳಿದ್ದರೆ ಆ ಊರು ಎರಡನೆಯ ಸಲ ಮುಳುಗಲಾರದು.

ಬನಹಟ್ಟಿಯ ತಂಗಿಗೆ ಹೇಳಬೇಕಾದುದು ಎರಡು ಭಾಗ. ಕದ್ದುಹೋದ ಕಥೆಯನ್ನು ಈಗಲಾದರೂ ನಿಮ್ಮ ಹೆಸರಿನಲ್ಲಿ ಓದಿನ ತಾಣದಲ್ಲಿಯೋ ಸ್ವಂತ ಪುಟದಲ್ಲಿಯೋ ಪ್ರಕಟಿಸಿರಿ. ಗುಂಪಿನಲ್ಲಿ ಮೊದಲು ಹಾಕಿದ ದಿನದ ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿರಿ. ಕಥೆ ನಿಮ್ಮದೆಂಬದಕ್ಕೆ ಅದು ಸಾಕ್ಷಿ. ಹೊಸ ಕಥೆಗಳಲ್ಲಿ ಒಳ್ಳೆಯದೊಂದನ್ನು ಯಾರಿಗೂ ಹಂಚದೆ ಪತ್ರಿಕೆಗೆ ಕಳುಹಿರಿ; ಉಳಿದವುಗಳಿಂದ ಓದಿನ ತಾಣದಲ್ಲಿ ಓದುಗರನ್ನು ಸಂಪಾದಿಸಿರಿ. ಹೆಸರು ಹೊರಬೀಳುವ ಅಂಜಿಕೆಯಿದ್ದರೆ ಕಾವ್ಯನಾಮವುಂಟು. ಬೇಂದ್ರೆಯವರು ಅಂಬಿಕಾತನಯದತ್ತರಾದರು, ಬೆಟಗೇರಿ ಕೃಷ್ಣಶರ್ಮರು ಆನಂದಕಂದರಾದರು, ಅನಸೂಯಾ ಶಂಕರ ಅವರು ತ್ರಿವೇಣಿಯೆಂದೇ ಮನೆಮಾತಾದರು. ಭಾವಚಿತ್ರದ ಸ್ಥಳದಲ್ಲಿ ಒಂದು ಹೂವಿನ ಚಿತ್ರವನ್ನಿಟ್ಟರೂ ಯಾರೂ ಕೇಳುವದಿಲ್ಲ. ಮನೆಯ ವಿಳಾಸ, ಮಕ್ಕಳ ಶಾಲೆ, ಮೊಬೈಲಿನ ಸಂಖ್ಯೆ ಇವನ್ನು ಎಲ್ಲಿಯೂ ಬರೆಯಬೇಡಿರಿ. ಎರಡನೆಯ ಭಾಗವು ಇನ್ನೂ ಸಣ್ಣದು. ಸೋಲಾಪುರದ ನಾದಿನಿಗೆ ಇಂದೇ ಒಂದು ಸಾಲು ಬರೆಯಿರಿ: ಆ ಕಥೆ ನನ್ನದು. ಹೆಸರರಿಯದೆಯೇ ಮೆಚ್ಚಿದ ಓದುಗಳು ನಿಮಗೆ ದೊರೆತಿದ್ದಾಳೆ, ಅದೂ ಸ್ವಂತ ಬಳಗದಲ್ಲಿ. ಮುಂದಿನ ಕಥೆಯನ್ನು ಮೊದಲು ಓದತಕ್ಕವಳು ಅವಳೇ.

ಕೊನೆಗೆ ಮನೆಯ ಯಜಮಾನರಿಗೂ ಅತ್ತೆಯವರಿಗೂ ಎರಡು ಮಾತು. ಸೊಸೆಯೋ ಮಗನೋ ವೃದ್ಧ ತಂದೆಯೋ ಬರೆದುದನ್ನು ಲೋಕವು ಎಲ್ಲಿ ಓದುವದೆಂಬದನ್ನು ಅವರು ಆರಿಸಿಕೊಳ್ಳಲಿ. ಆದರೆ ಅದಕ್ಕೆ ಮೊದಲು ಮನೆಯಲ್ಲಿ ಒಬ್ಬರಾದರೂ ಅದನ್ನು ಕುಳಿತು ಕೇಳಿರಬೇಕು. ನಕ್ಕು ತಳ್ಳಿಹಾಕಿದರೆ ಅವರು ಬರೆಯುವದನ್ನು ಬಿಡಲಾರರು, ನಿಮಗೆ ತೋರಿಸುವದನ್ನು ಮಾತ್ರ ಬಿಡುವರು. ಆಮೇಲೆ ಗುರುತಿಲ್ಲದವರ ಹೊಗಳಿಕೆಗೂ ತೆಗಳಿಕೆಗೂ ಅವರು ಒಬ್ಬರೇ ಎದುರಾಗಬೇಕಾಗುವದು. ವಾರದಲ್ಲಿ ಒಂದು ಸಂಜೆ ಅರ್ಧ ತಾಸು ಸಾಕು. ಮಗ್ಗವನ್ನಾಗಲಿ ದೂರದರ್ಶನವನ್ನಾಗಲಿ ಅಷ್ಟು ಹೊತ್ತು ನಿಲ್ಲಿಸಿ, ‘ಏನ ಬರದೀಯವ್ವಾ, ಓದು ಕೇಳೋಣ’ ಎಂದರೆ ಸಾಕು.

ಬರೆದುದನ್ನು ಪ್ರಕಟಿಸುವ ಮೊದಲು ತಾನೇ ತಿದ್ದಿಕೊಳ್ಳುವ ಬಗೆಯನ್ನು ಮುಂದಿನ ತಿಂಗಳು ವಿಚಾರಿಸುವೆವು. ಅಷ್ಟರಲ್ಲಿ ಈ ಮೂವರು ಏನು ಮಾಡಿದರೆಂಬದನ್ನು ತಿಳಿಸಿದರೆ ನಮಗೆ ಸಂತೋಷವಾಗುವದು.